ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕೂ ಅದರ ಪುಟ್ಟ ಜಂಪರೂ

ಹಿಂದೆ ನಮ್ಮ ಹಿರಿಯರು ಮನೆಯ ಜಮಾಖರ್ಚಿನ ಪುಸ್ತಕ, ಜಮೀನಿನ ಕಾಗದಪತ್ರ, ಮಕ್ಕಳ ಜಾತಕ, ಮದುವೆಯ ಭಾವಚಿತ್ರ ಇವುಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ ಕಾಪಾಡುತ್ತಿದ್ದರು. ಕಳೆದ ಇಪ್ಪತ್ತು ಮೂವತ್ತು ವರ್ಷಗಳಿಂದೀಚೆಗೆ ಇವುಗಳಲ್ಲಿ ಬಹುಭಾಗವು ಪೆಟ್ಟಿಗೆಯನ್ನು ಬಿಟ್ಟು ಕಂಪ್ಯೂಟರನ್ನು ಸೇರಿದೆ. ಅನೇಕ ಮನೆಗಳಲ್ಲಿ ಬೀರುವಿನ ಮೇಲಂಕಣದಲ್ಲಿ ಒಂದು ಹಳೆಯ ಲ್ಯಾಪ್‌ಟಾಪು ಬಟ್ಟೆಯಲ್ಲಿ ಸುತ್ತಿಟ್ಟಂತೆಯೇ ಇರುವುದುಂಟು. ಅದು ಈಗ ಯಾರಿಗೂ ನಿತ್ಯದ ಉಪಯೋಗಕ್ಕೆ ಬಾರದು. ಆದರೂ ಎಸೆಯಲು ಮನಸ್ಸೊಪ್ಪದು. ಏತಕ್ಕೆಂದರೆ, ತೀರಿಕೊಂಡ ಅಜ್ಜಿಯ ಮುಖವೂ, ಮಗುವಿನ ಮೊದಲ ಹೆಜ್ಜೆಯೂ ಅದರೊಳಗೆ ಅಡಗಿರುವುವು.

ಇಂತಹ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ಬದಲಾಯಿಸುವ ಅಥವಾ ಹೊರತೆಗೆದು ಓದಿಸುವ ಸಂದರ್ಭವು ಒಂದಲ್ಲ ಒಂದು ದಿನ ಬರುವುದು. ಆಗ ಹೆಸರುಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ವಸ್ತುವಿನಿಂದ ಬಹಳ ಮಂದಿ ತೊಂದರೆಗೆ ಸಿಕ್ಕುವರು. ಅದಕ್ಕೆ ಜಂಪರೆಂದು ಹೆಸರು. ಅದು ಇರಬೇಕಾದೆಡೆಯಲ್ಲಿ ಇಲ್ಲದಿದ್ದರೂ, ಇರಬಾರದೆಡೆಯಲ್ಲಿ ಇದ್ದರೂ, ಸುಸ್ಥಿತಿಯಲ್ಲಿರುವ ಡಿಸ್ಕು ಸತ್ತಂತೆ ಕಾಣುವುದು. ಸತ್ತಿತೆಂದು ಭಾವಿಸಿ ಅದನ್ನು ಗುಜರಿಗೆ ಹಾಕಿದರೆ ಮನೆಯ ನೆನಪುಗಳೂ ಗುಜರಿಯ ಪಾಲಾಗುವುವು. ಯಂತ್ರದ ವಿಚಾರವು ಯಂತ್ರಜ್ಞರಿಗೆ ಸೇರಿದ್ದು, ಗೃಹಸ್ಥರಿಗೆ ಅದರ ಗೊಡವೆಯೇಕೆ ಎಂದು ಯಾರಾದರೂ ಕೇಳಿದರೆ, ನಮ್ಮ ಉತ್ತರವು ಇದೇ: ಡಿಸ್ಕು ಯಂತ್ರದ್ದಾದರೂ ಅದರೊಳಗಿನ ಗಂಟು ಗೃಹಸ್ಥರದು.

ಹಾರ್ಡ್ ಡಿಸ್ಕೆಂದರೇನು?

ಹಾರ್ಡ್ ಡಿಸ್ಕೆಂಬುದು ಲೋಹದ ಒಂದು ಚಪ್ಪಟೆ ಡಬ್ಬಿ. ಅದರೊಳಗೆ ಕನ್ನಡಿಯಂತೆ ಹೊಳೆಯುವ ಒಂದೆರಡು ಬಿಲ್ಲೆಗಳು ನಿಮಿಷಕ್ಕೆ ೪,೨೦೦ ಅಥವಾ ೫,೪೦೦ ಸುತ್ತುಗಳಂತೆ ತಿರುಗುತ್ತಿರುವುವು. ಬಿಲ್ಲೆಗಳ ಮೇಲೆ ಅಯಸ್ಕಾಂತ ಗುಣವುಳ್ಳ ತೆಳುವಾದ ಲೇಪವಿರುವುದು. ಅಕ್ಷರವಾಗಲಿ, ಚಿತ್ರವಾಗಲಿ, ಸಂಗೀತವಾಗಲಿ, ಎಲ್ಲವೂ ಆ ಲೇಪದಲ್ಲಿ ಸೂಕ್ಷ್ಮವಾದ ಗುರುತುಗಳಾಗಿ ಉಳಿಯುವುವು.

ಈ ಬಗೆಯ ಮೊದಲನೆಯ ಯಂತ್ರವನ್ನು ಅಮೆರಿಕದ ಐ.ಬಿ.ಎಂ. ಕಂಪೆನಿಯವರು ೧೯೫೬ರಲ್ಲಿ ಹೊರತಂದರು. ೨೪ ಅಂಗುಲ ಅಗಲದ ೫೦ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿದ್ದ ಆ ಯಂತ್ರವು ಬೀರುವಿನಷ್ಟು ದೊಡ್ಡದಾಗಿದ್ದು, ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿತ್ತು. ಲ್ಯಾಪ್‌ಟಾಪುಗಳಿಗೆ ತಕ್ಕ ಎರಡೂವರೆ ಅಂಗುಲದ ಡಿಸ್ಕು ೧೯೮೮ರಲ್ಲಿ ಪ್ರೈರಿಟೆಕ್ ಎಂಬ ಕಂಪೆನಿಯಿಂದ ಬಂದಿತು. ಅದರ ಸಾಮರ್ಥ್ಯವು ೨೦ ಮೆಗಾಬೈಟುಗಳು. ಮೇಜಿನ ಕಂಪ್ಯೂಟರುಗಳಲ್ಲಿ ಮೂರೂವರೆ ಅಂಗುಲದ ಡಿಸ್ಕು ರೂಢಿಯಾಯಿತು. ಲ್ಯಾಪ್‌ಟಾಪುಗಳಲ್ಲಿ ಎರಡೂವರೆ ಅಂಗುಲದ್ದು ನಿಂತಿತು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಹೇಳಲಿರುವ ತೊಡಕುಗಳಲ್ಲಿ ಅರ್ಧಭಾಗವು, ಮೇಜಿನ ಕಂಪ್ಯೂಟರಿನ ನಿಯಮವನ್ನು ಲ್ಯಾಪ್‌ಟಾಪಿಗೆ ಹಾಗೆಯೇ ಅನ್ವಯಿಸುವುದರಿಂದಲೇ ಹುಟ್ಟುವುದು.

ಒಂದೇ ಜಗಲಿ, ಎರಡು ಬಾಗಿಲು

ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾತುಕತೆ ನಡೆಯುವ ಒಂದು ಪದ್ಧತಿ ಬೇಕಷ್ಟೆ. ೧೯೮೬ರ ಸುಮಾರಿಗೆ ಬಳಕೆಗೆ ಬಂದು, ೧೯೯೪ರಲ್ಲಿ ಅಧಿಕೃತವಾದ ಮಾನದಂಡವಾಗಿ ಅಂಗೀಕೃತವಾದ ಪದ್ಧತಿಗೆ ಎ.ಟಿ.ಎ. ಎಂದು ಹೆಸರು, ಅಂಗಡಿಗಳಲ್ಲಿ ಐ.ಡಿ.ಇ. ಎಂದೇ ಹೇಳುವರು. ಈ ಪದ್ಧತಿಯಲ್ಲಿ ಪಟ್ಟಿಯಂತಹ ಒಂದೇ ಕೇಬಲ್ಲಿಗೆ ಎರಡು ಡಿಸ್ಕುಗಳನ್ನು ಜೋಡಿಸಲು ಅವಕಾಶವಿರುವುದು.

ಒಂದೇ ಜಗಲಿಗೆ ತೆರೆಯುವ ಎರಡು ಬಾಗಿಲುಗಳ ಮನೆಯನ್ನು ಭಾವಿಸಿಕೊಳ್ಳಿರಿ. ಅಂಚೆಯವನು ಜಗಲಿಯಲ್ಲಿ ನಿಂತು ಕೂಗಿದರೆ ಎರಡು ಮನೆಯವರಿಗೂ ಕೇಳಿಸುವುದು. ಬಾಗಿಲುಗಳಿಗೆ ಬೇರೆ ಬೇರೆ ನಂಬರುಗಳಿದ್ದರೆ, ನಂಬರು ಹಿಡಿದು ಕೂಗಿದಾಗ ಆ ಮನೆಯವರು ಮಾತ್ರ ಹೊರಗೆ ಬರುವರು. ಎರಡಕ್ಕೂ ಒಂದೇ ನಂಬರಿದ್ದರೆ ಇಬ್ಬರೂ ಒಟ್ಟಿಗೆ ಉತ್ತರ ಕೊಡುವರು. ಯಾರ ಮಾತೂ ಸ್ಪಷ್ಟವಾಗಿ ಕೇಳಿಸದು. ಕಂಪ್ಯೂಟರಿನಲ್ಲಿಯೂ ಹೀಗೆಯೇ. ಕೇಬಲ್ಲಿನ ಮೇಲೆ ಬರುವ ಆಜ್ಞೆಯನ್ನು ಎರಡು ಡಿಸ್ಕುಗಳೂ ಕೇಳುವುವು. ಆಜ್ಞೆಯಲ್ಲಿ ಸೊನ್ನೆ ಎಂದಿದ್ದರೆ ಒಂದು, ಒಂದು ಎಂದಿದ್ದರೆ ಮತ್ತೊಂದು ಉತ್ತರ ಕೊಡತಕ್ಕದ್ದು. ತನ್ನ ನಂಬರು ಸೊನ್ನೆಯೋ ಒಂದೋ ಎಂಬುದನ್ನು ಡಿಸ್ಕಿಗೆ ತಿಳಿಸುವುದೇ ಜಂಪರಿನ ಕೆಲಸ.

ಜಂಪರೆಂದರೆ ಪ್ಲಾಸ್ಟಿಕ್ಕಿನ ಪುಟ್ಟ ಟೊಪ್ಪಿಗೆ; ಒಳಗೆ ಲೋಹದ ಒಂದು ತುಣುಕಿರುವುದು. ಅಕ್ಕಪಕ್ಕದಲ್ಲಿರುವ ಎರಡು ಪಿನ್ನುಗಳ ಮೇಲೆ ಅದನ್ನು ತೊಡಿಸಿದರೆ ಆ ಪಿನ್ನುಗಳೆರಡೂ ಒಂದಕ್ಕೊಂದು ಕೂಡಿಕೊಳ್ಳುವುವು. ದೀಪದ ಗುಂಡಿಯನ್ನು ಒತ್ತಿದಂತೆ, ಇದೂ ಒಂದು ಬಗೆಯ ಗುಂಡಿಯೇ. ಆದರೆ ಒಮ್ಮೆ ಇಟ್ಟರೆ ಹಾಗೆಯೇ ಇರುವಂಥದು.

ಸೊನ್ನೆಯ ಡಿಸ್ಕಿಗೆ ಮಾಸ್ಟರ್ ಎಂದೂ ಒಂದರ ಡಿಸ್ಕಿಗೆ ಸ್ಲೇವ್ ಎಂದೂ ರೂಢಿಯಲ್ಲಿ ಕರೆಯುವರು. ಯಜಮಾನ, ಗುಲಾಮ ಎಂಬರ್ಥದ ಈ ಹೆಸರುಗಳು ಎರಡು ಕಾರಣಗಳಿಂದ ಉಚಿತವಲ್ಲ. ಮೊದಲನೆಯದು, ಒಂದು ಡಿಸ್ಕು ಮತ್ತೊಂದನ್ನು ಆಳುವುದೇ ಇಲ್ಲ; ಎರಡಕ್ಕೂ ಆಜ್ಞೆ ಬರುವುದು ಕಂಪ್ಯೂಟರಿನಿಂದಲೇ. ಎರಡನೆಯದು, ಈ ಮಾತುಗಳ ಹಿಂದೆ ಮನುಷ್ಯರನ್ನು ಮಾರಿ ಕೊಂಡ ಕಾಲದ ನೆನಪಿದೆ. ೨೦೦೩ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಅಧಿಕಾರಿಗಳು, ತಮಗೆ ಸರಕು ಒದಗಿಸುವವರು ಈ ಹೆಸರುಗಳನ್ನು ಕೈಬಿಡಬೇಕೆಂದು ಕೇಳಿಕೊಂಡದ್ದುಂಟು. ಮಾನದಂಡದ ಗ್ರಂಥದಲ್ಲಿ ‘ಸಾಧನ ೦’, ‘ಸಾಧನ ೧’ ಎಂಬ ಅರ್ಥದ ಹೆಸರುಗಳೇ ಇವೆ. ಆದರೆ ಹಳೆಯ ಡಿಸ್ಕುಗಳ ಚೀಟಿಗಳ ಮೇಲೆ ಮಾಸ್ಟರ್, ಸ್ಲೇವ್ ಎಂದೇ ಅಚ್ಚಾಗಿರುವುದರಿಂದ, ವಾಚಕರು ಅವುಗಳನ್ನು ಗುರುತಿಸಬಲ್ಲವರಾಗಿರಬೇಕು.

ಮೂರನೆಯ ಬಗೆಯೊಂದುಂಟು, ಅದಕ್ಕೆ ಕೇಬಲ್ ಸೆಲೆಕ್ಟ್ ಎಂದು ಹೆಸರು. ಡಿಸ್ಕಿನ ನಂಬರನ್ನು ಜಂಪರಿನಿಂದ ಹೇಳದೆ, ಅದು ಕೇಬಲ್ಲಿನ ಯಾವ ತುದಿಯಲ್ಲಿದೆಯೆಂಬುದರಿಂದ ನಿರ್ಣಯಿಸುವ ಏರ್ಪಾಡಿದು. ಕೇಬಲ್ಲಿನ ೨೮ನೆಯ ತಂತಿಯು ಇದಕ್ಕಾಗಿಯೇ ಮೀಸಲು.

ಲ್ಯಾಪ್‌ಟಾಪಿನ ರೀತಿ ಬೇರೆ

ಮೇಜಿನ ಕಂಪ್ಯೂಟರಿನ ಡಿಸ್ಕಿನಲ್ಲಿ ೪೦ ಪಿನ್ನುಗಳಿದ್ದು, ವಿದ್ಯುತ್ತು ಬೇರೊಂದು ಕೊಂಡಿಯಿಂದ ಬರುವುದು. ಲ್ಯಾಪ್‌ಟಾಪಿನ ಐ.ಡಿ.ಇ. ಡಿಸ್ಕಿನಲ್ಲಿ ೪೪ ಪಿನ್ನುಗಳು ಎರಡು ಸಾಲಾಗಿ ನಿಂತಿರುವುವು. ಹೆಚ್ಚಾದ ನಾಲ್ಕು ಪಿನ್ನುಗಳ ಕಡೆಯಿಂದ ೫ ವೋಲ್ಟ್ ವಿದ್ಯುತ್ತು ಒಳಬರುವುದು. ಈ ಸಾಲುಗಳ ಪಕ್ಕದಲ್ಲಿ ಸ್ವಲ್ಪ ತೆರಪು. ಆ ತೆರಪಿನ ಆಚೆಗೆ ಎರಡರ ಮೇಲೆರಡರಂತೆ ನಾಲ್ಕು ಪಿನ್ನುಗಳು. ಜಂಪರನ್ನು ಇಡತಕ್ಕ ಸ್ಥಳವು ಇದೇ. ಪಿನ್ನುಗಳ ನಡುವಣ ದೂರವು ೨ ಮಿಲಿಮೀಟರು. ಮೇಜಿನ ಡಿಸ್ಕುಗಳಲ್ಲಿ ಅದು ೨.೫೪ ಮಿಲಿಮೀಟರು. ಆದುದರಿಂದ ಅಲ್ಲಿಯ ಜಂಪರು ಇಲ್ಲಿಗೆ ಹೊಂದದು. ಬಲಾತ್ಕಾರವಾಗಿ ತುರುಕಿದರೆ ಪಿನ್ನು ಬಾಗುವುದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕು ತನ್ನ ದಾರಿಯಲ್ಲಿ ಒಂಟಿಯಾಗಿರುವುದು. ಜಗಲಿಯಲ್ಲಿ ಒಂದೇ ಬಾಗಿಲು, ನೆರೆಯವರಿಲ್ಲ. ಹೀಗಿರುವಲ್ಲಿ ಡಿಸ್ಕು ಸೊನ್ನೆಯ ನಂಬರಿನದಾಗಿದ್ದರೆ ಸಾಕು. ಎರಡೂವರೆ ಅಂಗುಲದ ಡಿಸ್ಕುಗಳಲ್ಲಿ ಜಂಪರೇ ಇಲ್ಲದಿರುವುದು ಸಾಮಾನ್ಯವಾಗಿ ಸೊನ್ನೆಯನ್ನು, ಎಂದರೆ ಮಾಸ್ಟರನ್ನು, ಸೂಚಿಸುವುದು. ಆದಕಾರಣ ಹೊಸ ಡಿಸ್ಕು ಜಂಪರಿಲ್ಲದೆ ಬಂದಿದ್ದರೆ, ಏನೋ ಕಳೆದುಹೋಗಿದೆಯೆಂದು ಗಾಬರಿಯಾಗಬೇಕಾಗಿಲ್ಲ. ಮೇಜಿನ ಕಂಪ್ಯೂಟರಿನಲ್ಲಿ ಜಂಪರಿಡುವುದನ್ನು ಕಂಡವರು, ಇಲ್ಲಿಯೂ ಒಂದಿರಬೇಕೆಂದು ಹುಡುಕಿ ತಂದು ಸಿಕ್ಕಿಸಿದರೆ, ಸರಿಯಾಗಿದ್ದ ಡಿಸ್ಕನ್ನು ತಾವೇ ಮೂಕವಾಗಿಸಿದಂತಾಗುವುದು.

ಎರಡು ಸಾಧನಗಳು ಒಂದೇ ದಾರಿಯನ್ನು ಹಂಚಿಕೊಳ್ಳುವ ಲ್ಯಾಪ್‌ಟಾಪುಗಳೂ ಇಲ್ಲವೆಂದಲ್ಲ. ಅಂತಹವುಗಳಲ್ಲಿ ಹಳೆಯ ಡಿಸ್ಕಿನ ಮೇಲೆ ಜಂಪರಿರಬಹುದು. ಆಗ ಅನುಸರಿಸತಕ್ಕ ನಿಯಮವೊಂದಿದೆ: ಜಂಪರಿನ ಸ್ಥಾನವನ್ನಲ್ಲ, ಅದರ ಅರ್ಥವನ್ನು ಅನುಕರಿಸಬೇಕು. ಹಳೆಯ ಡಿಸ್ಕಿನ ಬೆನ್ನ ಮೇಲಿನ ಚೀಟಿಯನ್ನು ನೋಡಿ, ಅದರ ಜಂಪರು ಸ್ಲೇವೆಂದು ಹೇಳುತ್ತಿದೆಯೋ ಕೇಬಲ್ ಸೆಲೆಕ್ಟೆಂದು ಹೇಳುತ್ತಿದೆಯೋ ತಿಳಿದುಕೊಳ್ಳಿರಿ. ಬಳಿಕ ಹೊಸ ಡಿಸ್ಕಿನ ಚೀಟಿಯನ್ನು ನೋಡಿ, ಅದೇ ಅರ್ಥಕ್ಕೆ ಅಲ್ಲಿ ಯಾವ ಪಿನ್ನುಗಳೆಂದು ಕಂಡುಕೊಳ್ಳಿರಿ. ನಾಲ್ಕು ಪಿನ್ನುಗಳಿಗೆ ಎ, ಬಿ, ಸಿ, ಡಿ ಎಂದು ಹೆಸರಿಡುವ ಪದ್ಧತಿಯುಂಟು. ಎ-ಬಿ ಕೂಡಿದರೆ ಸ್ಲೇವ್, ಬಿ-ಡಿ ಕೂಡಿದರೆ ಕೇಬಲ್ ಸೆಲೆಕ್ಟ್ ಎಂಬುದು ಬಹುಮಟ್ಟಿಗೆ ನಡೆದುಬಂದ ಏರ್ಪಾಡು. ಆದರೂ ತಯಾರಕರು ಬೇರೆಯಾದರೆ ಚಿತ್ರವೂ ಬೇರೆಯಾಗಬಹುದು. ಡಿಸ್ಕಿನ ಬೆನ್ನ ಮೇಲಿನ ಚೀಟಿಗಿಂತ ದೊಡ್ಡ ಪ್ರಮಾಣವಿಲ್ಲ.

ಬದಲಾಯಿಸುವ ಕ್ರಮ

ಮೊದಲು ಮಾಡಬೇಕಾದುದು ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಬೇರೊಂದೆಡೆ ನಕಲು ಮಾಡಿಡುವುದು. ಇದನ್ನು ಮುಗಿಸದೆ ಸ್ಕ್ರೂಡ್ರೈವರನ್ನು ಕೈಯಲ್ಲಿ ಹಿಡಿಯಕೂಡದು. ಬಳಿಕ ಲ್ಯಾಪ್‌ಟಾಪನ್ನು ಪೂರ್ತಿಯಾಗಿ ಆರಿಸಿ, ಚಾರ್ಜರಿನ ತಂತಿಯನ್ನು ಕಿತ್ತು, ಬ್ಯಾಟರಿಯನ್ನೂ ತೆಗೆದಿಡಬೇಕು. ಒಣಹವೆಯ ದಿನಗಳಲ್ಲಿ ನಮ್ಮ ಮೈಯಲ್ಲಿ ಸೇರಿಕೊಂಡ ಸ್ಥಿರವಿದ್ಯುತ್ತು ಡಿಸ್ಕಿನ ಸೂಕ್ಷ್ಮ ಭಾಗಗಳಿಗೆ ಕೇಡು ಮಾಡಬಲ್ಲದು. ಅದಕ್ಕಾಗಿ, ಭೂಮಿಗೆ ಸಂಬಂಧವಿರುವ ನೀರಿನ ಕಬ್ಬಿಣದ ಕೊಳವೆಯಂತಹ ಲೋಹವನ್ನು ಒಮ್ಮೆ ಮುಟ್ಟಿ ಕೆಲಸಕ್ಕೆ ಕೂರುವುದು ಒಳ್ಳೆಯದು. ತೆಗೆದ ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಡಿರಿ. ಹಿಂದಕ್ಕೆ ಹಾಕುವಾಗ ಅವುಗಳನ್ನೇ ಹಾಕಿರಿ. ಉದ್ದವಾದ ಸ್ಕ್ರೂ ಡಿಸ್ಕಿನ ಒಳಗೆ ಒತ್ತಿ ಹಾನಿ ಮಾಡುವುದು.

ಹಳೆಯ ಡಿಸ್ಕನ್ನು ಹೊರಗೆ ತೆಗೆದಾಗ ಅದರ ಪಿನ್ನುಗಳು ಕಾಣಿಸದೆ, ಬೇರೊಂದು ಬಗೆಯ ಕೊಂಡಿಯು ಕಂಡರೆ ಆಶ್ಚರ್ಯಪಡಬೇಡಿರಿ. ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೂ ಯಂತ್ರಕ್ಕೂ ನಡುವೆ ಒಂದು ಸಣ್ಣ ಮಧ್ಯವರ್ತಿ ಕೊಂಡಿಯಿರುವುದು. ಅದನ್ನು ಎರಡು ಕಡೆಯಿಂದಲೂ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿ, ಬಿಡಿಸಿಕೊಂಡು, ಹೊಸ ಡಿಸ್ಕಿಗೆ ತೊಡಿಸಬೇಕು. ಪಿನ್ನುಗಳ ಸಾಲಿನಲ್ಲಿ ೨೦ನೆಯ ಸ್ಥಾನವು ಬೇಕೆಂದೇ ಬರಿದಾಗಿರುವುದು. ಕೊಂಡಿಯಲ್ಲಿ ಆ ಸ್ಥಾನದ ರಂಧ್ರವು ಮುಚ್ಚಿದ್ದರೆ ಸರಿಯಾದ ದಿಕ್ಕನ್ನು ತಿಳಿಯುವುದಕ್ಕೆ ಅದೇ ಗುರುತು. ಕೊಂಡಿಯು ಪಕ್ಕಕ್ಕೆ ಸರಿದು ಜಂಪರಿನ ಪಿನ್ನುಗಳ ಮೇಲೆ ಕುಳಿತರೆ, ವಿದ್ಯುತ್ತು ಹೋಗಬಾರದೆಡೆಗೆ ಹೋಗಿ ಡಿಸ್ಕು ಸುಡುವ ಭಯವಿದೆ. ಪಿನ್ನುಗಳು ನೇರವಾಗಿ ಎದುರಾದರೆ ಹಗುರವಾದ ಒತ್ತಡವೇ ಸಾಕಾಗುವುದು; ಬಲ ಬೇಕಾಯಿತೆಂದರೆ ಏನೋ ತಪ್ಪಿದೆಯೆಂದೇ ಅರ್ಥ.

ಹೊದಿಕೆಯನ್ನು ಮುಚ್ಚುವ ಮೊದಲು ಲ್ಯಾಪ್‌ಟಾಪನ್ನು ಹೊತ್ತಿಸಿ, ಬಯಾಸ್ ಎಂಬ ಆರಂಭದ ಪುಟದಲ್ಲಿ ಡಿಸ್ಕಿನ ಹೆಸರು ಬಂದಿದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಡಿಸ್ಕು ಕಾಣಿಸದಿದ್ದರೆ

ಈಗ ಒಂದು ಪ್ರಸಂಗವನ್ನು ಭಾವಿಸೋಣ. ಗೃಹಸ್ಥರೊಬ್ಬರು ಹೊಸ ಡಿಸ್ಕನ್ನು ತಂದು, ಹಳೆಯದರಲ್ಲಿದ್ದುದನ್ನು ನಕಲು ಮಾಡುವುದಕ್ಕಾಗಿ ಮೊದಲು ಮೇಜಿನ ಕಂಪ್ಯೂಟರಿಗೆ ಜೋಡಿಸುವರು. ೪೪ ಪಿನ್ನುಗಳನ್ನು ೪೦ಕ್ಕೆ ಹೊಂದಿಸುವ ಕೊಂಡಿಯು ಪೇಟೆಯಲ್ಲಿ ದೊರೆಯುವುದು. ಆ ಕಂಪ್ಯೂಟರಿನ ಕೇಬಲ್ಲಿನಲ್ಲಿ ಈಗಾಗಲೇ ಒಂದು ಡಿಸ್ಕಿರುವುದರಿಂದ ಹೊಸದಕ್ಕೆ ಸ್ಲೇವ್ ಜಂಪರನ್ನು ಇಡುವರು. ಅದು ಅಲ್ಲಿ ಸರಿಯೇ. ನಕಲು ಮುಗಿಯುವುದು, ಡಿಸ್ಕನ್ನು ತಂದು ಲ್ಯಾಪ್‌ಟಾಪಿನಲ್ಲಿಡುವರು, ಜಂಪರನ್ನು ತೆಗೆಯುವುದನ್ನು ಮಾತ್ರ ಮರೆಯುವರು. ಒಂಟಿ ಬಾಗಿಲಿನ ಜಗಲಿಯಲ್ಲಿ ಅಂಚೆಯವನು ಸೊನ್ನೆಯನ್ನು ಕೂಗುತ್ತಿರುವನು. ಒಳಗಿರುವವರು ತಮ್ಮ ನಂಬರು ಒಂದೆಂದು ಸುಮ್ಮನಿರುವರು. ಪರದೆಯ ಮೇಲೆ ಡಿಸ್ಕಿಲ್ಲವೆಂಬ ಮಾತು ಬರುವುದು. ಗೃಹಸ್ಥರು ಹೊಸ ಡಿಸ್ಕು ಕೆಟ್ಟಿತೆಂದು ಅಂಗಡಿಗೆ ಓಡುವರು. ಇಲ್ಲವೇ ಲ್ಯಾಪ್‌ಟಾಪೇ ಕೆಟ್ಟಿತೆಂದು ಕೈಚೆಲ್ಲುವರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವಿರಲಾರದು.

ಆದುದರಿಂದ ಡಿಸ್ಕು ಕಾಣಿಸದಿದ್ದರೆ ಮೊದಲು ಕೊಂಡಿಯನ್ನೂ, ಎರಡನೆಯದಾಗಿ ಜಂಪರನ್ನೂ ಪರೀಕ್ಷಿಸಬೇಕು. ಈ ಎರಡನ್ನೂ ನೋಡದೆ ಡಿಸ್ಕು ಸತ್ತಿತೆಂಬ ತೀರ್ಪನ್ನು ಯಾರು ಕೊಟ್ಟರೂ ಒಪ್ಪಬೇಡಿರಿ. ಹಳೆಯ ಡಿಸ್ಕನ್ನು ಯು.ಎಸ್.ಬಿ. ಡಬ್ಬಿಯಲ್ಲಿಟ್ಟು ಓದಿಸುವವರಿಗೂ ಈ ಮಾತು ಸಲ್ಲುವುದು. ಡಬ್ಬಿಯಲ್ಲಿ ಡಿಸ್ಕು ಒಂಟಿಯೇ. ಅಲ್ಲಿಯೂ ಅದು ಮಾಸ್ಟರಾಗಿರಬೇಕು.

ಕೆಲವು ವೇಳೆ ಡಿಸ್ಕು ಕಾಣಿಸಿದರೂ ಅದರ ಗಾತ್ರವು ಕಡಮೆಯಾಗಿ ತೋರುವುದು. ಇದಕ್ಕೆ ಹಳೆಯ ಲ್ಯಾಪ್‌ಟಾಪಿನ ಲೆಕ್ಕದ ಮಿತಿಯೇ ಕಾರಣವಿರಬಹುದು. ಡಿಸ್ಕಿನ ಸ್ಥಳವನ್ನು ೫೧೨ ಬೈಟುಗಳ ಅಂಕಣಗಳಾಗಿ ಎಣಿಸುವರು. ಹಿಂದಿನ ಪದ್ಧತಿಯಲ್ಲಿ ಎಣಿಸಬಹುದಾದ ಅಂಕಣಗಳು ೨೬,೮೪,೩೫,೪೫೬ ಮಾತ್ರ. ಎಂದರೆ ಸುಮಾರು ೧೩೭ ಗಿಗಾಬೈಟುಗಳು. ಅದಕ್ಕೆ ಮೀರಿದ್ದು ಅಂತಹ ಯಂತ್ರದ ಕಣ್ಣಿಗೆ ಬೀಳದು. ಈ ಮಿತಿಯನ್ನು ಮೀರುವ ಪದ್ಧತಿಯು ೨೦೦೨ರ ಸುಮಾರಿಗೆ ಬಂದಿತು. ಅದೇ ವರ್ಷ ವಿಂಡೋಸ್ ಎಕ್ಸ್‌ಪಿಗೂ ಅದಕ್ಕೆ ಬೇಕಾದ ತಿದ್ದುಪಡಿ ದೊರೆಯಿತು. ಮೇಜಿನ ಕಂಪ್ಯೂಟರುಗಳ ಕೆಲವು ಡಿಸ್ಕುಗಳಲ್ಲಿ, ಹಳೆಯ ಯಂತ್ರಗಳು ಗಾಬರಿಯಾಗದಿರಲೆಂದು, ಗಾತ್ರವನ್ನು ೩೨ ಗಿಗಾಬೈಟೆಂದು ತೋರಿಸುವ ಜಂಪರಿನ ಸ್ಥಾನವೂ ಉಂಟು. ದೊಡ್ಡ ಡಿಸ್ಕೊಂದು ಹಠಾತ್ತಾಗಿ ಅಷ್ಟೇ ಗಾತ್ರವನ್ನು ತೋರಿದರೆ ಮೋಸಹೋದೆವೆಂದು ಅಂಗಡಿಯವನನ್ನು ದೂರುವ ಮೊದಲು ಜಂಪರಿನ ಕಡೆಗೆ ಕಣ್ಣು ಹಾಯಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಡಿಸ್ಕು ಅರ್ಧಂಬರ್ಧ ಕಾಣಿಸಿದಾಗ, ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರು ಕೇಳುವುದುಂಟು. ಒಳಗೆ ಮನೆಯ ಸರಕಿದ್ದರೆ, ಎಷ್ಟು ಸಲ ಕೇಳಿದರೂ ಒಪ್ಪಿಗೆ ಕೊಡಕೂಡದು. ಫಾರ್ಮ್ಯಾಟೆಂದರೆ ಪೆಟ್ಟಿಗೆಯ ಬೀಗ ತೆಗೆಯುವುದಲ್ಲ, ಪೆಟ್ಟಿಗೆಯನ್ನು ಬರಿದು ಮಾಡುವುದು.

ಹೊಸ ಬಗೆಯ ಡಿಸ್ಕುಗಳು

೨೦೦೩ರಿಂದೀಚೆಗೆ ಸಾಟಾ ಎಂಬ ಬೇರೊಂದು ಪದ್ಧತಿಯು ಬಂದು ಐ.ಡಿ.ಇ.ಯನ್ನು ಕ್ರಮೇಣ ಹಿಂದೆ ಸರಿಸಿತು. ಇದರಲ್ಲಿ ಪ್ರತಿಯೊಂದು ಡಿಸ್ಕಿಗೂ ತನ್ನದೇ ದಾರಿ. ನೆರೆಹೊರೆಯ ವ್ಯಾಜ್ಯವೇ ಇಲ್ಲ. ಆದುದರಿಂದ ಮಾಸ್ಟರ್, ಸ್ಲೇವ್ ಜಂಪರುಗಳ ಅವಶ್ಯಕತೆಯೂ ಇಲ್ಲ. ಆದರೂ ಕೆಲವು ಸಾಟಾ ಡಿಸ್ಕುಗಳ ಮೇಲೆ ಸಣ್ಣ ಪಿನ್ನುಗಳಿರುವುದನ್ನು ಕಂಡು ಜನರು ಸಂದೇಹಪಡುವರು. ಅವುಗಳಿಗೆ ಬೇರೆ ಉದ್ದೇಶಗಳಿವೆ. ಹಳೆಯ ಯಂತ್ರಗಳಿಗಾಗಿ ವೇಗವನ್ನು ಸೆಕೆಂಡಿಗೆ ೧.೫ ಗಿಗಾಬಿಟ್ಟಿಗೆ ಇಳಿಸುವುದು ಅವುಗಳಲ್ಲೊಂದು. ಲ್ಯಾಪ್‌ಟಾಪಿನಲ್ಲಿ ಉಪಯೋಗಿಸುವವರು ಅವುಗಳನ್ನು ಮುಟ್ಟದಿರುವುದೇ ಲೇಸು.

ಈಗಿನ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಬಿಲ್ಲೆಯೂ ಇಲ್ಲ, ತಿರುಗುವ ಭಾಗವೂ ಇಲ್ಲ, ಎಂ.೨ ಎಂಬ ಪಟ್ಟಿಯಂತಹ ಎಸ್.ಎಸ್.ಡಿ. ಇರುವುದು. ಜಂಪರು ಹೋಯಿತಾದರೂ ಜಂಪರಿನ ಪಾಠ ಹೋಗಲಿಲ್ಲ. ಒಂದೇ ಆಕಾರದ ಎಂ.೨ ಪಟ್ಟಿಗಳಲ್ಲಿ ಕೆಲವು ಸಾಟಾ ಭಾಷೆಯನ್ನೂ ಕೆಲವು ಎನ್.ವಿ.ಎಂ.ಇ. ಭಾಷೆಯನ್ನೂ ಆಡುವುವು. ಲ್ಯಾಪ್‌ಟಾಪಿಗೆ ಯಾವ ಭಾಷೆ ತಿಳಿಯುವುದೆಂದು ವಿಚಾರಿಸದೆ ಕೊಂಡುತಂದರೆ, ಪಟ್ಟಿಯು ಗೂಡಿನಲ್ಲಿ ಕುಳಿತರೂ ಮಾತಾಡದೆ ಹೋಗಬಹುದು. ಹೊರಗಿನ ಆಕಾರವನ್ನು ಕಂಡು ಒಳಗಿನ ಗುಣವನ್ನು ನಿರ್ಣಯಿಸಬಾರದೆಂಬ ಮಾತು ಇಲ್ಲಿಯೂ ಸಲ್ಲುವುದು.

ಐ.ಡಿ.ಇ. ಪದ್ಧತಿಯ ಎರಡೂವರೆ ಅಂಗುಲದ ಡಿಸ್ಕು ಹೊಸದಾಗಿ ದೊರೆಯುವುದು ಈಗ ವಿರಳ. ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಪೇಟೆಗಳಲ್ಲಿ ಬಳಸಿದ ಡಿಸ್ಕನ್ನು ಹುಡುಕುವವರು, ಬೆನ್ನ ಮೇಲಿನ ಚೀಟಿ ಕೆಡದೆ ಇದೆಯೇ, ೪೪ ಪಿನ್ನುಗಳೂ ನೆಟ್ಟಗಿವೆಯೇ, ಹಿಂದಿನವರು ಇಟ್ಟ ಜಂಪರೇನಾದರೂ ಉಳಿದಿದೆಯೇ ಎಂದು ಮೂರು ವಿಷಯಗಳನ್ನು ನೋಡಿ ಕೊಳ್ಳತಕ್ಕದ್ದು. ಛಾಯಾಯಂತ್ರಗಳಲ್ಲಿ ಬಳಸುವ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಐ.ಡಿ.ಇ. ಭಾಷೆಯನ್ನೇ ಬಲ್ಲುದಾದ್ದರಿಂದ, ಅದನ್ನು ತಕ್ಕ ಕೊಂಡಿಯೊಡನೆ ಡಿಸ್ಕಿನ ಸ್ಥಾನದಲ್ಲಿ ಇಡುವವರೂ ಇದ್ದಾರೆ. ಅಂತಹ ಕೊಂಡಿಗಳ ಮೇಲೆಯೂ ಮಾಸ್ಟರ್, ಸ್ಲೇವ್ ಜಂಪರಿರುವುದುಂಟು, ಅದನ್ನು ಮಾಸ್ಟರಿನಲ್ಲಿಡಬೇಕು.

ಇಷ್ಟನ್ನು ತಿಳಿದ ಮೇಲೆ ಪ್ರತಿಯೊಬ್ಬ ಗೃಹಸ್ಥರೂ ಸ್ಕ್ರೂಡ್ರೈವರು ಹಿಡಿದು ಕೂರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕೈ ನಡುಗುವವರೂ ಕಣ್ಣು ಮಂಜಾದವರೂ ಕೆಲಸವನ್ನು ಬಲ್ಲವರಿಗೆ ಒಪ್ಪಿಸಬಹುದು. ಆದರೆ ಒಪ್ಪಿಸುವಾಗ, ಜಂಪರನ್ನು ನೋಡಿದಿರಾ ಎಂದು ಕೇಳುವಷ್ಟು ತಿಳಿವಳಿಕೆಯು ಮನೆಯಲ್ಲಿರಬೇಕು. ಬೀರುವಿನ ಮೇಲಂಕಣದ ಆ ಹಳೆಯ ಲ್ಯಾಪ್‌ಟಾಪನ್ನು ಇನ್ನೂ ತೆರೆಯದವರು, ಮುಂದಿನ ಬಿಡುವಿನ ದಿನ ಅದನ್ನು ಹೊತ್ತಿಸಿ, ಒಳಗಿರುವುದನ್ನು ಬೇರೆ ಎರಡು ಕಡೆ ನಕಲು ಮಾಡಿಟ್ಟುಕೊಳ್ಳಲಿ. ಡಿಸ್ಕುಗಳಿಗೂ ಆಯುಸ್ಸೆಂಬುದುಂಟು, ಜಂಪರನ್ನು ಸರಿಪಡಿಸಿದರೆ ಮೂಕವಾದ ಡಿಸ್ಕು ಮಾತಾಡೀತು, ನಿಜವಾಗಿ ಸತ್ತದ್ದು ಮಾತಾಡದು.